ಕೇಳಿಕೇಳಿ ಕುಡಿದ ಸೂಪು

ಅವ್ವನ ಕಣ್ಣಿನ ಪೊರೆ ತೆಗೆಸಿದ್ದು ಕೊಲ್ಹಾಪುರದ ಆಸ್ಪತ್ರೆಯೊಂದರಲ್ಲಿ. ಆಗ ನಾನು ಅವಳ ಹತ್ತಿರ ಇರಲಿಲ್ಲ. ಗಡಹಿಂಗ್ಲಜದಲ್ಲಿ ನಾನು ಕಲಿಸುವ ಶಾಲೆಯಲ್ಲಿ ವಾರ್ಷಿಕ ಪರೀಕ್ಷೆ ನಡೆದಿತ್ತು, ರಜೆ ಸಿಗಲಿಲ್ಲ. ತಮ್ಮ ಇಚಲಕರಂಜಿಯಿಂದ ಬೆಳಿಗ್ಗೆ ಬಂದು ಮುಖ ತೋರಿಸಿ ಮತ್ತೆ ತನ್ನ ಮಗ್ಗಗಳ ಕಡೆಗೆ ಓಡುತ್ತಿದ್ದ. ಅವ್ವನ ಹಾಸಿಗೆಯ ಪಕ್ಕ ಕೂತವಳು ನನ್ನ ಗೆಳತಿ. ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿಯ ಹನಿ ಹಾಕಿದಳು, ಮನೆಯಿಂದ ಜೋಳದ ಅಂಬಲಿ ಮಾಡಿ ತಂದಳು, ಕಣ್ಣು ಉಜ್ಜಿಕೊಳ್ಳಲು ಹೋದ ಅವ್ವನ ಕೈ ಹಿಡಿದು ಬೈದಳು. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮಾಡಬೇಕಾದ್ದನ್ನೆಲ್ಲ ಅವಳು ಮಾಡಿದಳು.

ಅವಳು ಜೈನರವಳು. ನಾಂದಣಿಯ ಹತ್ತಿರದ ಒಂದು ಹಳ್ಳಿಯ ಒಕ್ಕಲುತನದ ಮನೆ. ಕಾಲೇಜಿಗೆ ದಿನಾ ಬಸ್ಸಿನಲ್ಲಿ ಇಚಲಕರಂಜಿಗೆ ಬರುತ್ತಿದ್ದಳು, ಮಧ್ಯಾಹ್ನ ನನ್ನ ಜೊತೆ ನಮ್ಮ ಮನೆಗೆ ಬರುತ್ತಿದ್ದಳು. ನಮ್ಮದು ಮನೆ ಅನ್ನುವುದಕ್ಕಿಂತ ಮಗ್ಗದ ಶೆಡ್ಡಿನ ಹಿಂದಿನ ಉದ್ದನೆಯ ಒಂದು ಖೋಲಿ. ಅಪ್ಪ ಬನಹಟ್ಟಿ ಕಡೆಯಿಂದ ದುಡಿಯಲು ಬಂದವನು, ಪರರ ಮಗ್ಗದ ಮೇಲೆ ಪಾಳಿ ಮಾಡುತ್ತಿದ್ದ. ಅವ್ವ ಅದೇ ಶೆಡ್ಡಿನಲ್ಲಿ ಲಾಳಿಯೊಳಗೆ ಹಾಕುವ ಕಾಂಡಿಗೆ ನೂಲು ಸುತ್ತುತ್ತಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ಒಲೆ. ಮಟನ್ ತಿನ್ನುವ ಮಂದಿ ನಾವು. ಗೆಳತಿ ಮನೆಗೆ ಬರತೊಡಗಿದ ಮೇಲೆ ಅವ್ವ ಯಾರೂ ಹೇಳದೆಯೇ ಸಂತೆಯಿಂದ ಒಂದು ಸಣ್ಣ ಬೋಗುಣಿ, ತಾಟು, ಗ್ಲಾಸು ತಂದು ಅರಿವೆಯಲ್ಲಿ ಕಟ್ಟಿ ಮೇಲಿನ ಹಲಗೆಯ ಮೇಲೆ ಇಟ್ಟಳು. ಅವು ಅವಳವು. ಮನೆಗೆ ಮಟನ್ ಬರುವ ದಿನ ಮೊದಲು ಒಲೆ ತೊಳೆದು, ಅವಳಿಗಾಗಿ ಬೇಳೆ ಅನ್ನ ಮಾಡಿ ಮುಚ್ಚಿಟ್ಟ ಮೇಲೆಯೇ ಅಪ್ಪನನ್ನು ಅಂಗಡಿಗೆ ಕಳಿಸುತ್ತಿದ್ದಳು. ಒಮ್ಮೆ ಅಪ್ಪ, ಇಷ್ಟೆಲ್ಲ ಯಾಕ ಅಂತ ಗೊಣಗಿದ್ದಕ್ಕೆ, "ಆಕಿ ನನ್ನ ನಂಬಿ ಉಣ್ಣಾಕ ಕುಂಡ್ರತಾಳ. ಕೇಳೂದಿಲ್ಲ, ನೋಡೂದಿಲ್ಲ. ಹಂತಾಕಿ ತಾಟಿನಾಗ ನಾ ತಪ್ಪಿ ಏನರ ಹಾಕಿದ್ರ ನನ್ನ ಕೈ ಯಾಕಿರಬೇಕು?" ಅಂದಿದ್ದಳು. ನಮ್ಮ ಬಡತನದ ಬಗ್ಗೆ ನನಗೆ ಹೇಳಿಕೊಳ್ಳುವಂಥ ಹೆಮ್ಮೆಯೇನೂ ಇಲ್ಲ. ಆದರೆ ಆ ಹಲಗೆಯ ಬಗ್ಗೆ ಇದೆ.

ಗೆಳತಿ ಮದುವೆಯಾಗಿ ಕೊಲ್ಹಾಪುರಕ್ಕೆ ಬಂದಳು. ಗಂಡನದು ಪೈಪು, ಪಂಪುಸೆಟ್ಟಿನ ವ್ಯಾಪಾರ. ತಂದೆ ತೀರಿಕೊಂಡ ಮೇಲೆ ಅವಳು ರಾತ್ರಿ ಊಟ ಬಿಟ್ಟಿದ್ದಾಳೆ, ಹೊತ್ತು ಮುಳುಗುವುದರೊಳಗೆ ಉಂಡು ಮುಗಿಸುತ್ತಾಳೆ. ಉಳ್ಳಾಗಡ್ಡಿ, ಬಟಾಟೆ ಮುಟ್ಟುವುದಿಲ್ಲ. ಆದರೆ ಬೇರೆಯವರ ತಾಟಿನಲ್ಲಿ ಏನಿದೆ ಅಂತ ಅವಳು ಮೂಗು ಮುರಿದದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಕಂಡಿಲ್ಲ. ಪಕ್ಕದಲ್ಲಿ ಕೂತು ನಾವು ಎಲುಬು ಚೀಪುತ್ತಿದ್ದರೂ ತನ್ನ ಪಾಡಿಗೆ ತಾನು ಉಣ್ಣುತ್ತ ಮಾತಾಡುವವಳು.

ಅವ್ವನಿಗೆ ಕಣ್ಣು ಸರಿಯಾಗಿ ಕಾಣತೊಡಗಿದ ಮೇಲೆ ಒಂದು ಭಾನುವಾರ ನಾವೆಲ್ಲ ಇಚಲಕರಂಜಿಯ ಮನೆಯಲ್ಲಿ ಸೇರಿದಾಗ ತಮ್ಮ ಒಂದು ಹಟ ಹಿಡಿದ. ಅಕ್ಕನಿಗೆ, ಅಂದರೆ ನನ್ನ ಗೆಳತಿಗೆ, ಒಂದು ಚಲೋ ಊಟ ಹಾಕಿಸಬೇಕು. ಎಲ್ಲಿ ಅಂದರೆ ಕೊಲ್ಹಾಪುರದಲ್ಲಿ ಹೊಸದಾಗಿ ಶುರುವಾದ ಸ್ಟೇಕ್ ಹೌಸಿನಲ್ಲಿ. ಮಾಂಸದ ದಪ್ಪನೆಯ ತುಂಡನ್ನು ಕೆಂಡದ ಮೇಲೆ ಸುಟ್ಟು ಕೊಡುತ್ತಾರಂತೆ. ಮುಂಬಯಿಯ ಬಟ್ಟೆ ವ್ಯಾಪಾರಿಗಳು ಅವನನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿದ್ದರು. ಅಂದಿನಿಂದ ಅವನ ಲೆಕ್ಕದಲ್ಲಿ ಊರಲ್ಲೆಲ್ಲ ದೊಡ್ಡ ಜಾಗ ಅದೇ.

"ತಲಿ ಐತೇನ ನಿನಗ?" ಅಂದೆ. "ಆಕಿನ್ನ ಅಲ್ಲಿ ಕರಕೊಂಡು ಹೋಗಿ ಏನ್ ತಿನಸ್ತಿ?"

"ಅಲ್ಲಿ ಎಲ್ಲಾ ಸಿಗತೈತಿ ಅಕ್ಕಾ. ನಿಂದೊಂದ ಅನುಮಾನ," ಅಂದು ಅವನು ನಮ್ಮೆಲ್ಲರ ಎದುರಿಗೇ ಫೋನ್ ಹಚ್ಚಿ ಸ್ಪೀಕರ್ ಒತ್ತಿದ. ಜೈನ ಊಟ ಸಿಗುತ್ತದೆಯೇ ಅಂತ ಮರಾಠಿಯಲ್ಲಿ ಕೇಳಿದ. ಆ ಕಡೆಯ ದನಿ ತಡಮಾಡದೆ, "ಹೋ ಸರ್, ಜೈನ್ ಆಹೇ. ಕಿಚನ್ ಪಣ ವೇಗಳಂ ಆಹೇ," ಅಂದಿತು. ಅಡುಗೆಮನೆಯೂ ಬೇರೆಯೇ ಇದೆ ಎಂದ ಮೇಲೆ ನಾನೇನು ಹೇಳಲಿ? ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂಡಿಸಬೇಕು ಅಂತಲೂ ತಮ್ಮ ಹೇಳಿದ. ಅದಕ್ಕೂ ಹೂಂ ಅಂದರು.

ಗೆಳತಿ ಅವ್ವನ ಕಡೆ ನೋಡಿ ನಕ್ಕಳು. "ಮಾವಶಿ ಬರ್ತಾಳಂದ್ರ ನಾನೂ ಬರ್ತೇನಿ. ಪಾಪ, ಅಂವ ಇಷ್ಟ ಪ್ರೀತಿಲೆ ಕರಿಯಾಕತ್ತಾನ."

ಹಾಗೆ ನಾವು ನಾಲ್ವರು ಹೋದೆವು. ನಾನು ಗಡಹಿಂಗ್ಲಜದಿಂದ ಬಸ್ಸು ಹಿಡಿದು ಬಂದೆ, ತಮ್ಮ ಇಚಲಕರಂಜಿಯಿಂದ ಅವ್ವನನ್ನು ಕಾರಿನಲ್ಲಿ ಕರೆತಂದ. ಅವ್ವ ಇಳಕಲ್ ಸೀರೆ ಉಟ್ಟಿದ್ದಳು, ಕಣ್ಣಿಗೆ ಆಸ್ಪತ್ರೆಯವರು ಕೊಟ್ಟ ಕರಿ ಕನ್ನಡಕ. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿದ್ದೆವು. ಟೇಬಲ್ ಇನ್ನೂ ತಯಾರಾಗಿಲ್ಲ ಅಂತ ಹೊರಗಿನ ಬೆಂಚಿನ ಮೇಲೆ ಕೂಡಿಸಿದರು. ಗಾಜಿನ ಬಾಗಿಲಾಚೆ ಖಾಲಿ ಟೇಬಲ್‌ಗಳು ನನಗೆ ಕಾಣುತ್ತಿದ್ದವು. ನಾವು ಕೂತಿರುವಾಗಲೇ ದೊಡ್ಡ ಗಾಡಿಯಲ್ಲಿ ಒಂದು ಕುಟುಂಬ ಬಂದಿತು. ಕರಿ ಕೋಟಿನ ಮ್ಯಾನೇಜರ್ ಬಾಗಿ ನಮಸ್ಕಾರ ಮಾಡಿ ಅವರನ್ನು ಸೀದಾ ಒಳಗೆ ಕರೆದುಕೊಂಡು ಹೋದ. ಗೆಳತಿ ಎದುರಿನ ಕಟ್ಟಡಗಳ ಮೇಲಿನ ಬಿಸಿಲನ್ನು ನೋಡುತ್ತಿದ್ದಳು. ಬಿಸಿಲು ಮೇಲಿನ ಅಂತಸ್ತಿಗೆ ಏರಿತ್ತು. ನಾನು ಎರಡು ಸಲ ಎದ್ದುಹೋಗಿ ಹೇಳಿದ ಮೇಲೆ ನಮ್ಮನ್ನು ಒಳಗೆ ಕರೆದರು. ಕೊಟ್ಟದ್ದು ಅಡುಗೆಮನೆಯ ಬಾಗಿಲಿಗೆ ಹತ್ತಿದ ಟೇಬಲ್ಲು.

ಒಳಗೆ ಗೋಡೆಗಳೆಲ್ಲ ಕಪ್ಪು. ಮೇಲಿಂದ ಇಳಿಬಿಟ್ಟ ದೀಪಗಳು ಟೇಬಲ್ಲಿನ ನಡುವೆ ಅಂಗೈಯಗಲ ಬೆಳಕು ಚೆಲ್ಲುತ್ತಿದ್ದವು, ಉಳಿದದ್ದೆಲ್ಲ ಕತ್ತಲೆ. ಅವ್ವ ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

"ಇಷ್ಟ ರೊಕ್ಕಾ ಹಾಕಿ ಕಣ್ಣ ಮಾಡಿಸಿ, ತಂದು ಕತ್ತಲದಾಗ ಕುಂಡ್ರಸಿದಿ ನೋಡಪಾ," ಅಂತ ತಮ್ಮನಿಗೆ ಅಂದಳು.

ಗೆಳತಿ ಜೋರಾಗಿ ನಕ್ಕಳು. ಆ ಸಂಜೆ ಅವಳು ನಕ್ಕದ್ದು ಅದೇ ಕೊನೆ.

ವೇಟರ್ ಬಂದ. ಮೆನು ಪೂರ್ತಿ ಇಂಗ್ಲಿಷಿನಲ್ಲಿತ್ತು. ಗೆಳತಿ ಅದರಲ್ಲಿ ಟೊಮೆಟೊ, ಕೆಂಪು ಕುಂಬಳಕಾಯಿ ಹಾಕಿದ ಸೂಪು ಆರಿಸಿದಳು. ಹೊತ್ತು ಕಡಿಮೆಯಿತ್ತು, ಬೇಗ ಆಗುವುದೂ ಅದೇ ಅಂದ ವೇಟರ್. ಉಳ್ಳಾಗಡ್ಡಿ, ಬಟಾಟೆ, ಬೆಳ್ಳುಳ್ಳಿ ಇದೆಯೇ ಅಂತ ಕೇಳಿದಳು. ಇಲ್ಲ. ಮಾಂಸದ್ದು ಏನಾದರೂ? "ನಾಹೀ ಮ್ಯಾಡಂ, ಪ್ಯೂರ್ ವ್ಹೆಜ್." ಅವನು ಹೋದ. ಆಮೇಲೆ ಮ್ಯಾನೇಜರ್ ನಮ್ಮ ಟೇಬಲ್ ಬಳಿ ಹಾಯ್ದಾಗ ಅವಳು ಅವನನ್ನು ನಿಲ್ಲಿಸಿ ಪ್ಯೂರ್ ವ್ಹೆಜ್ ಹೌದಲ್ಲ ಅಂತ ಮತ್ತೆ ಕೇಳಿದಳು. ಮ್ಯಾನೇಜರ್ ಮುಗುಳ್ನಕ್ಕು "ಶಂಭರ ಟಕ್ಕೆ," ಅಂದ. ನೂರಕ್ಕೆ ನೂರು. ಆ ನಗು ಇವತ್ತಿಗೂ ನನ್ನ ಕಣ್ಣಮುಂದೆ ಇದೆ. ತಿಳಿಯದವರನ್ನು ಕಂಡು ತಿಳಿದವರು ನಗುವ ನಗು ಅದು.

ಸೂಪು ಬಂತು. ಅವಳು ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿ ಮಂತ್ರ ಹೇಳಿಕೊಂಡು ಕುಡಿಯತೊಡಗಿದಳು. ಅದರ ಹಿಂದೆಯೇ ನಮ್ಮವೂ ಬಂದವು. ಕಾದ ಕಲ್ಲಿನ ಮೇಲೆ ಅಂಗೈಗಿಂತ ದೊಡ್ಡ ಮಟನ್ ತುಂಡು, ಪಕ್ಕಕ್ಕೆ ಒಂದೆರಡು ಎಲೆ ಸೊಪ್ಪು, ಹಿಟ್ಟಿನ ಅಂಟಿನಂಥ ಒಂದು ಸಾರು. ಮೇಲೆ ಸೀದು ಕರಕಾಗಿತ್ತು, ಚಾಕು ಹಾಕಿದರೆ ಒಳಗೆ ಹಸಿ. ತಮ್ಮ ಗರಗಸ ಎಳೆಯುವವನಂತೆ ಕೊಯ್ಯುತ್ತಿದ್ದ. ಅವ್ವ ಒಂದು ಚೂರು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದಳು, ಕೊನೆಗೆ ಸೆರಗು ಮರೆಮಾಡಿ ಕಾಗದದ ಕರವಸ್ತ್ರಕ್ಕೆ ತೆಗೆದಿಟ್ಟಳು.

"ಇದನ್ನ ಬೇಸ್ಯಾರೋ, ಬರೇ ಕಾಸ್ಯಾರೋ?" ಅಂದಳು. "ಖಾರಿಲ್ಲ, ಮಸಾಲಿಲ್ಲ. ಕೊಲ್ಲಾಪುರದಾಗ ಕುಂತು ಇಂಥಾದ್ದ ತಿನ್ನಾಕ ರೊಕ್ಕಾ ಕೊಡ್ತಾರಾ ಮಂದಿ?"

ವೇಟರನ್ನು ಕರೆದು, ಇನ್ನಷ್ಟು ಬೇಯಿಸಿ ತನ್ನಿ ಅಂದೆ. ಇದನ್ನು ತಿನ್ನುವ ರೀತಿಯೇ ಹೀಗೆ ಅಂತ ಅವನು ನನಗೆ ತಿಳಿಹೇಳಿದ. ನಾನು ನುಂಗಿಕೊಂಡೆ. ಕೆಟ್ಟ ಅಡುಗೆಗೆ ಸಿಟ್ಟು ಬರುತ್ತದೆ, ಮನೆಗೆ ಹೋಗುವುದರೊಳಗೆ ಇಳಿಯುತ್ತದೆ. ಅಷ್ಟೇ ಆಗಿದ್ದರೆ ಇದನ್ನು ನಾನು ಬರೆಯುತ್ತಲೂ ಇರಲಿಲ್ಲ.

ಅಷ್ಟರಲ್ಲಿ ಅವ್ವನ ಕಣ್ಣಲ್ಲಿ ನೀರು ಸೋರತೊಡಗಿತು. ಕಲ್ಲಿನಿಂದ ಏಳುತ್ತಿದ್ದ ಹೊಗೆ ನೇರ ಅವಳ ಮುಖಕ್ಕೇ ಹೊಡೆಯುತ್ತಿತ್ತು. ಗೆಳತಿ ಚಮಚ ಕೆಳಗಿಟ್ಟು, "ಉಪ್ಪ ಭಾಳ ಆಗೇತಿ ನೋಡ ಇದಕ್ಕ," ಅಂತ ಬಟ್ಟಲನ್ನು ನನ್ನ ಕಡೆ ಸರಿಸಿ, ಅವ್ವನ ಕಡೆ ತಿರುಗಿದಳು. ತನ್ನ ಕರವಸ್ತ್ರ ತೆಗೆದು ಕಣ್ಣಿನ ಅಂಚನ್ನು ಮೆಲ್ಲಗೆ ಒತ್ತತೊಡಗಿದಳು. ನಾನು ಒಂದು ಚಮಚ ಕುಡಿದೆ.

ಎಲುಬಿನ ರಸ. ಟೊಮೆಟೊದ ಹುಳಿಯ ಕೆಳಗೆ ಅದು ಸ್ಪಷ್ಟವಾಗಿತ್ತು. ಹುಟ್ಟಿದಾಗಿನಿಂದ ಕುಡಿದ ರುಚಿ, ನನ್ನ ಕೈಯಾರೆ ಎಷ್ಟೋ ಸಲ ಕುದಿಸಿದ ರುಚಿ, ಅದರಲ್ಲಿ ಅನುಮಾನಕ್ಕೆ ಜಾಗವಿರಲಿಲ್ಲ. ಬಟ್ಟಲು ಅರ್ಧಕ್ಕಿಂತ ಹೆಚ್ಚು ಖಾಲಿಯಾಗಿತ್ತು. ನಾನು ಮಾತಾಡದೆ ಚಮಚ ತಮ್ಮನ ಕಡೆ ಹಿಡಿದೆ. ಅವನೂ ರುಚಿ ನೋಡಿದ. ಅವನ ಮುಖ ಇಳಿದುಹೋಯಿತು. ಗೆಳತಿಯ ಬೆನ್ನು ನಮ್ಮ ಕಡೆಗಿತ್ತು. ಅವನು ಮುಂದಕ್ಕೆ ಬಾಗಿ ಪಿಸುಗುಟ್ಟಿದ.

"ಅಕ್ಕಾ, ಹೇಳಬ್ಯಾಡ. ಅರ್ಧಾ ಕುಡದ ಆಗೇತಿ. ಗೊತ್ತಾಗಲಿಲ್ಲಂದ್ರ ಆಕಿಗೆ ಏನೂ ಇಲ್ಲ. ಹೇಳಿದ್ರ ಆಕಿ ಜೀವ ಎಷ್ಟ ಸಂಕಟ ಪಡತೈತಿ ಯೋಚನೆ ಮಾಡು."

ಅವನ ಮಾತು ಕರುಣೆಯದೇ ಇರಬಹುದು. ಆದರೆ ನನಗೆ ಕೇಳಿಸಿದ್ದು ಬೇರೆ. ಅವಳ ಹೊಟ್ಟೆಗೆ ಏನು ಹೋಗಿದೆ ಅಂತ ನಮ್ಮಿಬ್ಬರಿಗೆ ಗೊತ್ತು, ಮ್ಯಾನೇಜರನಿಗೆ ಗೊತ್ತು, ಅಡುಗೆಯವನಿಗೆ ಗೊತ್ತು, ಅವಳೊಬ್ಬಳಿಗೆ ಗೊತ್ತಿಲ್ಲ. ಅವಳು ಅಲ್ಲಿ ಕೂತು ನನ್ನ ಅವ್ವನ ಕಣ್ಣು ಒರೆಸುತ್ತಿದ್ದಾಳೆ. ನಾನೂ ಆ ಗುಂಪಿಗೆ ಸೇರಿಕೊಳ್ಳಬೇಕೆ?

ಅವಳು ತಿರುಗಿ ಬಟ್ಟಲಿಗೆ ಕೈ ಚಾಚಿದಾಗ ನಾನು ಅದನ್ನು ಈಚೆ ಎಳೆದುಕೊಂಡೆ.

"ಇದನ್ನ ಕುಡೀಬ್ಯಾಡ. ಇದರಾಗ ಎಲುಬಿನ ರಸಾ ಐತಿ."

ಅವಳು ನನ್ನ ಮುಖ ನೋಡಿದಳು. "ಖರೇನ?" ಅಂದಳು. ನಾನು ತಲೆಯಾಡಿಸಿದೆ. ಅವಳು ಎದ್ದು ಬಾಯಿ ತೊಳೆಯಲು ಹೋದಳು. ಅವ್ವ ಟೇಬಲ್ಲಿನ ಅಂಚನ್ನು ಹಿಡಿದು ಕೂತಳು.

ನಾನು ಮ್ಯಾನೇಜರನನ್ನು ಕರೆದೆ. ಅವನು ಬರುವಷ್ಟರಲ್ಲಿ ಗೆಳತಿಯೂ ಮುಖ ಒರೆಸಿಕೊಳ್ಳುತ್ತ ವಾಪಸ್ಸು ಬಂದಿದ್ದಳು. ಸೂಪಿನಲ್ಲಿ ಏನಿದೆ ಅಂತ ಮರಾಠಿಯಲ್ಲಿ ಕೇಳಿದೆ. ಅವನು ಮೊದಲು ಇಲ್ಲವೇ ಇಲ್ಲ ಅಂದ. ಹಾಗಾದರೆ ನಡೆ, ಒಳಗೆ ಹೋಗಿ ನೋಡೋಣ ಅಂತ ನಾನು ಅಡುಗೆಮನೆಯ ಬಾಗಿಲಿಗೆ ಕೈ ಹಚ್ಚಿದ ಮೇಲೆ ದಾರಿಗೆ ಬಂದ.

"ಮಟನ್ ನಾಹೀ ಮ್ಯಾಡಂ," ಅಂದ. "ಫಕ್ತ ಸ್ಟಾಕ್ ಆಹೇ." ಮಾಂಸ ಇಲ್ಲ, ಬರೀ ಎಲುಬು ಕುದಿಸಿದ ನೀರು ಇದೆ ಅಂತ. ತುಂಡುಗಳನ್ನೆಲ್ಲ ಸೋಸಿ ತೆಗೆದಿರುವುದರಿಂದ ಅದು ವೆಜ್ಜೇ ಅಂತ.

ಗೆಳತಿ ದನಿ ಏರಿಸಲಿಲ್ಲ. "ನಾ ನಿಮ್ಮನ್ನ ನಿಂದರಿಸಿ ಕೇಳಿದ್ನಲ್ಲರಿ," ಅಂತ ಕನ್ನಡದಲ್ಲಿ ಶುರುಮಾಡಿ, ಮತ್ತೆ ಮರಾಠಿಗೆ ಹೊರಳಿ, ಗೊತ್ತಿದ್ದೂ ಹೌದು ಅಂತ ಯಾಕೆ ಹೇಳಿದಿರಿ ಅಂತ ಕೇಳಿದಳು.

ಅವನಿಗೆ ನಾಚಿಕೆಯಾದಂತೆ ಕಾಣಲಿಲ್ಲ, ಬೇಸರವಾದಂತೆ ಕಂಡಿತು. ದಿನಾ ಎಷ್ಟೋ ವೆಜ್ ಮಂದಿ ಇದನ್ನೇ ಕುಡಿಯುತ್ತಾರೆ, ರುಚಿಯಾಗಿದೆ ಅನ್ನುತ್ತಾರೆ, ಇವತ್ತಿನವರೆಗೆ ಯಾರೂ ತಕರಾರು ಮಾಡಿಲ್ಲ ಅಂದ. ಬೇಕಾದರೆ ನಮ್ಮ ಕಡೆಯಿಂದ ಒಂದು ಐಸ್‌ಕ್ರೀಮ್ ಕೊಡುತ್ತೇವೆ ಅಂದ.

ಐಸ್‌ಕ್ರೀಮ್ ಅನ್ನುವ ಆ ಮಾತು ಕಿವಿಗೆ ಬಿದ್ದದ್ದೇ ನನ್ನೊಳಗೆ ಏನೋ ಹರಿಯಿತು. ಮಗ್ಗದ ಗದ್ದಲದಲ್ಲಿ ಹುಟ್ಟಿ ಬೆಳೆದವರ ದನಿ ಮೆತ್ತಗಿರುವುದಿಲ್ಲ. ಪಕ್ಕದಲ್ಲಿ ಕೂತವರಿಗೂ ಕೂಗಿ ಹೇಳಿ ರೂಢಿ ನಮಗೆ. ಗಡಹಿಂಗ್ಲಜಕ್ಕೆ ಬಂದು ಟೀಚರ್ ಆದ ಮೇಲೆ ಆ ದನಿಯನ್ನು ನಾನು ಮಡಚಿ ಇಟ್ಟಿದ್ದೆ. ಅವತ್ತು ಬಿಚ್ಚಿದೆ. ಕುರ್ಚಿ ಹಿಂದೆ ತಳ್ಳಿ ಎದ್ದು ನಿಂತು ಇಡೀ ಹಾಲಿಗೆ ಕೇಳುವಂತೆ ಮರಾಠಿಯಲ್ಲಿ ಹೇಳಿದೆ: ಇಲ್ಲಿ ಶಾಕಾಹಾರಿಗಳು ಯಾರಾದರೂ ಇದ್ದರೆ ಸೂಪು ಕುಡಿಯಬೇಡಿ, ಅದರಲ್ಲಿ ಎಲುಬಿನ ರಸ ಇದೆ, ಇವರೇ ಒಪ್ಪಿಕೊಂಡಿದ್ದಾರೆ, ದಿನಾ ಹೀಗೇ ಮಾಡುತ್ತಾರಂತೆ.

ಗೋಡೆಯ ಪಕ್ಕದ ಟೇಬಲ್ಲಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಚಮಚವನ್ನು ಬಾಯಿಯ ಹತ್ತಿರ ಹಿಡಿದು ಹಾಗೇ ಕೂತುಬಿಟ್ಟಳು. ಅವಳ ಮಗ ಇರಬೇಕು, ಎದ್ದು ಬಂದು ನನ್ನನ್ನು ಏನೂ ಕೇಳದೆ ಮ್ಯಾನೇಜರನ ಎದುರು ನಿಂತ. ಆದರೆ ಮೊದಲು ಗಾಡಿಯಲ್ಲಿ ಬಂದಿದ್ದ ಕುಟುಂಬದ ಗಂಡಸು, ನಿಮ್ಮ ಜಗಳ ಹೊರಗೆ ಮಾಡಿಕೊಳ್ಳಿ, ನಮ್ಮ ಸಂಜೆ ಹಾಳು ಮಾಡಬೇಡಿ ಅಂದ. ಅವನ ಹೆಂಡತಿ ನಗು ತಡೆದುಕೊಳ್ಳುತ್ತಿದ್ದಳು. ಮ್ಯಾನೇಜರ್ ನನಗೆ ಬಾಗಿಲು ತೋರಿಸಿದ. ತಮ್ಮ ಅಷ್ಟರಲ್ಲಿ ಕೌಂಟರಿಗೆ ಹೋಗಿ ಬಿಲ್ಲು ಕೊಟ್ಟುಬಿಟ್ಟಿದ್ದ. ಅವರು ಕೇಳುವ ಮೊದಲೇ ಕೊಟ್ಟಿದ್ದ. ಅದನ್ನು ನೋಡಿ ನನಗೆ ಮ್ಯಾನೇಜರನ ಮೇಲಿದ್ದಷ್ಟೇ ಸಿಟ್ಟು ಅವನ ಮೇಲೆ ಬಂತು.

ಹೊರಗೆ ಇನ್ನೂ ಸ್ವಲ್ಪ ಬೆಳಕಿತ್ತು. ಗೆಳತಿ ಅವ್ವನ ತೋಳು ಹಿಡಿದು ಮೆಟ್ಟಿಲು ಇಳಿಸಿ ಕಾರಿನಲ್ಲಿ ಕೂಡಿಸಿದಳು. ಅವ್ವ ಅವಳ ಕೈ ಬಿಡಲಿಲ್ಲ. "ನನ್ನ ಸಲುವಾಗಿ ಬಂದು ಹಿಂಗಾತಲ್ಲವಾ ತಾಯಿ," ಅಂತ ಅದನ್ನೇ ಹೇಳುತ್ತಿದ್ದಳು. ಗೆಳತಿ, ನಿಮ್ಮದೇನೈತಿ ಮಾವಶಿ ಇದರಾಗ ಅಂದು ಕೈ ಬಿಡಿಸಿಕೊಂಡು ನನ್ನ ಹತ್ತಿರ ಬಂದಳು.

"ನನಗ ಹೇಳಿದ್ದು ಚಲೋ ಮಾಡಿದಿ," ಅಂದಳು. "ಹೇಳಲಿಲ್ಲಂದಿದ್ರ ನಿನ್ನ ಮಾರಿ ನೋಡ್ತಿದ್ದಿಲ್ಲ. ಆದ್ರ ಎಲ್ಲಾರ ಮುಂದ ಯಾಕ ಒದರಿದಿ? ಅಷ್ಟೂ ಮಂದಿ ನನ್ನ ಬಾಯಿನ ನೋಡಾಕತ್ತಿದ್ರು."

"ಅವರೆಲ್ಲಾ ಕುಡಿಯಾಕತ್ತಿದ್ರಲ್ಲ. ಅವರಿಗೆ ಹೇಳೂದ ಬ್ಯಾಡೇನ?"

"ಹೇಳಬೇಕಿತ್ತು. ನಾ ಹೊರಗ ಬಂದ ಮ್ಯಾಲ ಹೇಳಬೇಕಿತ್ತು."

ಗಂಡನಿಗೆ ಫೋನ್ ಮಾಡಿ ಕರೆಸಿಕೊಂಡು ಅವಳು ಹೊರಟುಹೋದಳು. ಅವಳು ಅಂದದ್ದರ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಇವತ್ತಿಗೂ ಒಪ್ಪಲಾರೆ. ಆ ವಯಸ್ಸಾದ ಹೆಂಗಸಿನ ಚಮಚ ಬಾಯಿಯ ಹತ್ತಿರವೇ ಇತ್ತು.

ಮರುದಿನದಿಂದ ಗೆಳತಿ ಉಪವಾಸ ಹಿಡಿದಳು. ಆಮೇಲೆ ನಾಂದಣಿಗೆ ಹೋಗಿ, ಅಲ್ಲಿನ ಜೈನ ಮಠದಲ್ಲಿ ಕೇಳಿಕೊಂಡು, ಅವರು ಹೇಳಿದ ಪ್ರಾಯಶ್ಚಿತ್ತ ಮಾಡಿದಳು. ಮನಸ್ಸು ಹಗುರಾಯಿತು ಅಂತ ಫೋನಿನಲ್ಲಿ ಹೇಳಿದಳು. ಅವಳ ಮನಸ್ಸು ಹಗುರಾದದ್ದು ನನಗೆ ಸಂತೋಷವೇ. ಆದರೆ ನನ್ನದು ಆಗಲಿಲ್ಲ. ಕೇಳಿಕೇಳಿ ಕುಡಿದವಳು ಹಸಿದು ಕೂತಳು. ಸುಳ್ಳು ಹೇಳಿ ಕುಡಿಸಿದವನು ಅದೇ ಕೋಟು ಹಾಕಿಕೊಂಡು ಅದೇ ನಗು ನಗುತ್ತ ಮುಂದಿನ ಟೇಬಲ್ಲಿಗೆ ಹೋದ. ಇದು ಯಾವ ನ್ಯಾಯ ಅಂತ ನಾನು ಒಬ್ಬಳೇ ಅಡುಗೆಮನೆಯಲ್ಲಿ ನಿಂತು ಬೈದುಕೊಂಡಿದ್ದೇನೆ.

ಹೋಟೆಲಿನ ಮಾಲೀಕನ ನಂಬರು ಹುಡುಕಿ ಫೋನ್ ಮಾಡಿದೆ. ಬಹಳ ಮರ್ಯಾದೆಯಿಂದ ಮಾತಾಡಿದ. ಆಗಿದ್ದಕ್ಕೆ ಬೇಸರವಿದೆ ಅಂದ. ಕೊನೆಗೆ ಮಾತ್ರ, "ಪಣ ಮ್ಯಾಡಂ, ಜೈನ ಮಂದಿ ಸ್ಟೇಕ್ ಹೌಸಿಗೆ ಯಾಕೆ ಬರಬೇಕು?" ಅಂತ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಕೇಳಿದ. ಶಾಲೆಯಲ್ಲಿ ನನ್ನ ಜೊತೆಯ ಶಿಕ್ಷಕರೂ ಅದನ್ನೇ ಕೇಳಿದರು. ಓಣಿಯವರೂ ಕೇಳಿದರು. ಅವಳೇ ಏನೋ ತಪ್ಪು ಮಾಡಿದಂತೆ. ಮಾಲೀಕನಿಗೆ ಹೇಳಿದ್ದನ್ನೇ ನಾನು ಎಲ್ಲರಿಗೂ ಹೇಳಿದೆ. ಜೈನ ಊಟ ಇದೆ ಅಂತ ನೀವು ಹೇಳಿದ್ದಕ್ಕೆ ಬಂದಳು. ಬೇರೆ ಅಡುಗೆಮನೆ ಇದೆ ಅಂದದ್ದಕ್ಕೆ ಬಂದಳು. ಇಲ್ಲ ಅಂದಿದ್ದರೆ ಒಂದು ಗ್ಲಾಸು ನೀರು ಕುಡಿದು ನಮ್ಮ ಜೊತೆ ಕೂತು ಎದ್ದುಬರುತ್ತಿದ್ದಳು. ಇಲ್ಲ ಅನ್ನಲು ನಿಮಗೇನು ಖರ್ಚಿತ್ತು?

ತಮ್ಮನ ಜೊತೆ ನಾನು ಬಹಳ ದಿನ ಮಾತು ಬಿಟ್ಟೆ. ಅವನು ಕೆಟ್ಟವನಲ್ಲ. ಆದರೆ ಮುಂಬಯಿ ವ್ಯಾಪಾರಿಗಳು ಬಂದಾಗ ಮತ್ತೆ ಅಲ್ಲಿಗೇ ಹೋದ ಅಂತ ಅವ್ವನಿಂದ ತಿಳಿಯಿತು. ಕೊನೆಗೆ ನಾನೇ ಫೋನ್ ಮಾಡಿ ಕೇಳಿದ್ದಕ್ಕೆ, "ಅವರು ಕರದಲ್ಲಿಗೆ ಹೋಗಬೇಕಾಗತೈತಿ ಅಕ್ಕಾ. ಧಂದೆ ಐತಿ," ಅಂದ. ಇನ್ನೊಂದು ಮಾತು ಸೇರಿಸಿದ: ಈಗ ಅಲ್ಲಿನ ಮೆನುವಿನ ಕೆಳಗೆ, ಸೂಪುಗಳಲ್ಲಿ ಮಾಂಸದ ರಸ ಇರುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿದ್ದಾರಂತೆ. ನನ್ನನ್ನು ಸಮಾಧಾನ ಮಾಡಲು ಹೇಳಿದ. ಬರೆದದ್ದು ಯಾವ ಭಾಷೆಯಲ್ಲಿ ಅಂತ ಕೇಳಿದೆ. ಇಂಗ್ಲಿಷಿನಲ್ಲಿ ಅಂದ.

ಮಳೆಗಾಲಕ್ಕೆ ಮೊದಲು ಗೆಳತಿಯ ಅಣ್ಣನ ಮಗಳ ಮದುವೆ ಆಯಿತು. ಅವರ ಹಳ್ಳಿಯಲ್ಲೇ, ಅವರ ಮಂದಿಯದೇ ಅಡುಗೆ, ಅವರದೇ ಮನೆಯ ಹಿತ್ತಿಲಲ್ಲಿ ಒಲೆ. ನಾನೂ ಅವ್ವನೂ ಹೋಗಿದ್ದೆವು. ಪಂಕ್ತಿಯಲ್ಲಿ ಗೆಳತಿ ನನ್ನ ಪಕ್ಕ ಕೂತಳು. ಅವಳ ಸ್ವಂತ ಚಿಕ್ಕಪ್ಪ ಬಕೆಟ್ಟು ಹಿಡಿದು ಸಾರು ಬಡಿಸುತ್ತ ಬಂದ. ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ಇದರಾಗ ಏನೇನ್ ಹಾಕ್ಯಾರ ಕಾಕಾ?" ಅಂದಳು.

ಚಿಕ್ಕಪ್ಪ ಎತ್ತಿದ ಸೌಟನ್ನು ಹಾಗೇ ಹಿಡಿದ. "ಬ್ಯಾಳಿ ಸಾರವಾ. ನಮ್ಮನ್ಯಾಗಿನ ಸಾರು," ಅಂದ.

ಅವಳು ಕೈ ತೆಗೆದಳು. ಸಾರು ಬಿತ್ತು. ಬಹಳ ಹೊತ್ತು ಅದನ್ನು ಕಲಸದೆ, ಬೆರಳ ತುದಿಯಿಂದ ಮೆಲ್ಲಗೆ ಅನ್ನವನ್ನಷ್ಟೇ ಉಂಡಳು. ನನ್ನ ಕಡೆ ನೋಡಲಿಲ್ಲ. ಕೇಳದೆಯೇ ಉಣ್ಣುತ್ತಿದ್ದವಳಿಗೆ ಹೀಗೆ ಕೇಳಲು ಕಲಿಸಿದ ಆ ಮ್ಯಾನೇಜರನ ಮೇಲಿನ ಸಿಟ್ಟಿನಿಂದ ನಾನು ಎತ್ತಿದ ತುತ್ತನ್ನು ತಾಟಿಗೆ ವಾಪಸ್ಸು ಇಟ್ಟೆ.